ಪಾಸಾದವರು, ಪಾಸ್ ಮಾಡಿಕೊಂಡವರು

ತುಮಕೂರಿನಲ್ಲಿ ಕೋರ್ಟಿಗೂ ತಾಲ್ಲೂಕು ಕಚೇರಿಗೂ ಅಲೆಯುವವರ ದಾರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಇಲ್ಲಿಗೆ ಬಾರದ ಕಾಗದ ಇಲ್ಲ. ಬಾಡಿಗೆ ಕರಾರು, ಅಫಿಡವಿಟ್, ಮದುವೆ ಕಾರ್ಡು, ತಿಥಿ ಕಾರ್ಡು, ಕೆಲಸದ ಅರ್ಜಿ, ಮಕ್ಕಳ ಪ್ರಾಜೆಕ್ಟ್ ವರ್ಕ್. ಟೈಪ್ ಮಾಡುವವನು ಅಕ್ಷರ ನೋಡಬೇಕು, ಅರ್ಥಕ್ಕೆ ತಲೆ ಹಾಕಬಾರದು ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಒಳ್ಳೆಯ ಮಾತೇ. ಆದರೆ ಒಂದೇ ಪದ ಬೆಳಗ್ಗೆಯಿಂದ ಸಂಜೆವರೆಗೆ ಬೇರೆ ಬೇರೆ ವೇಷ ಹಾಕಿಕೊಂಡು ಬಂದರೆ ತಲೆ ಸುಮ್ನೆ ಇರುವುದಿಲ್ಲ. 'ಪಾಸ್ಡ್' ಅನ್ನೋ ಇಂಗ್ಲಿಷ್ ಕ್ರಿಯಾಪದ ಹೀಗೆ ನನ್ನನ್ನು ಕಾಡುತ್ತಾ ಬಂದಿದೆ. ಡಿಗ್ರಿ ಮುಗಿಸಿದ ಹುಡುಗ ಬಯೋಡೇಟಾದಲ್ಲಿ 'ಪಾಸ್ಡ್ ಔಟ್' ಅಂತ ಹಾಕಿಸುತ್ತಾನೆ. ಕಂಟ್ರಾಕ್ಟರು ಬಿಲ್ ಪಾಸ್ ಆಗಿಲ್ಲ ಅಂತ ಮನವಿ ಬರೆಸುತ್ತಾರೆ. ಇಂಗ್ಲಿಷ್ ಪೇಪರಿಗೆ ಜಾಹೀರಾತು ಕೊಡಬೇಕಾದ ಮನೆಯವರು 'ಪಾಸ್ಡ್ ಅವೇ' ಅಂತ ಚೀಟಿಯಲ್ಲಿ ಬರೆದುಕೊಂಡು ಬಂದು, ಮಾತಾಡದೆ ಕೈಗೆ ಕೊಡುತ್ತಾರೆ. ಮೂರೂ ಕಡೆ ನಾನು ಒತ್ತುವ ಕೀಲಿ ಅವೇ.

ಇದನ್ನು ನಿಜವಾದ ತಲೆನೋವು ಮಾಡಿದ್ದು ಪಕ್ಕದ ಬೇಕರಿಯವರ ಮಗಳು. ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. 'ಪಾಸ್ಡ್' ಪದಕ್ಕೆ ಸಮಾನಾರ್ಥಕ ಪದಗಳನ್ನು ಬರೆದು, ಒಂದೊಂದನ್ನೂ ವಾಕ್ಯದಲ್ಲಿ ಬಳಸಿ ಅಂತ ಹೋಂವರ್ಕ್. ನೆಟ್ಟಿನಲ್ಲಿ ಪಟ್ಟಿಗಳಿಗೇನು ಬರ? ಕ್ಲಿಯರ್ಡ್, ಕ್ವಾಲಿಫೈಡ್, ಎಲಾಪ್ಸ್ಡ್, ಓವರ್‌ಟುಕ್, ಅಪ್ರೂವ್ಡ್, ಹ್ಯಾಂಡೆಡ್, ಡೈಡ್. ಹುಡುಗಿ ಬುದ್ಧಿವಂತೆ. ಒಂದೇ ವಾಕ್ಯ ಇಟ್ಟುಕೊಂಡು ಪದ ಮಾತ್ರ ಬದಲಿಸುತ್ತಾ ಹೋದಳು. 'ಹೋದ ವರ್ಷ ನಮ್ಮ ತಾತ ಕ್ವಾಲಿಫೈಡ್.' 'ಹೋದ ವರ್ಷ ನಮ್ಮ ತಾತ ಅಪ್ರೂವ್ಡ್.' 'ಹೋದ ವರ್ಷ ನಮ್ಮ ತಾತ ಓವರ್‌ಟುಕ್.' ನಾನು ನಕ್ಕಿದ್ದಕ್ಕೆ ಅವಳಿಗೆ ಸಿಟ್ಟು ಬಂತು. "ಅಂಕಲ್, ಎಲ್ಲಾ ಒಂದೇ ಅರ್ಥ ಅಂತ ಇಲ್ಲೇ ಬರ್ದಿದೆ. ಮತ್ತೆ ಯಾಕೆ ತಪ್ಪು?" ಅಂದಳು. ಅವಳು ಕೇಳಿದ್ದರಲ್ಲಿ ನ್ಯಾಯ ಇತ್ತು.

ಇಂಗ್ಲಿಷಿನಲ್ಲಿ ಇಂಥ ಪಟ್ಟಿಗಳಿಗೆ ಹೆಸರಾದವರು ಪೀಟರ್ ಮಾರ್ಕ್ ರೋಜೆ. ಕಸುಬಿನಲ್ಲಿ ವೈದ್ಯರು. 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತಮ್ಮ ಕೋಶ ಹೊರತಂದರು. ಅದರಲ್ಲಿ ಪದಗಳನ್ನು ಅಕಾರಾದಿಯಾಗಿ ಇಡದೆ, ಯೋಚನೆಗಳ ಗುಂಪು ಮಾಡಿ ಇಟ್ಟರು. ಆದರೆ ಅದೇ ಪುಸ್ತಕದ ಪೀಠಿಕೆಯಲ್ಲಿ ಅವರೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಎಲ್ಲ ರೀತಿಯಲ್ಲೂ ಒಂದೇ ಅರ್ಥ ಇದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದಾದ ಎರಡು ಪದ ಸಿಗುವುದೇ ಕಷ್ಟ ಅಂತ. ಪಟ್ಟಿ ಮಾಡಿದವರಿಗೆ ಗೊತ್ತಿತ್ತು. ಪಟ್ಟಿಯನ್ನು ಪೀಠಿಕೆಯಿಂದ ಕಿತ್ತು ಹಂಚಿದವರು ಅದನ್ನು ಬಿಟ್ಟುಬಿಟ್ಟರು.

ಹೆಜ್ಜೆಯಿಂದ ಹೊರಟಿದ್ದು

ಪಾಸ್ ಪದದ ಬುಡ ಲ್ಯಾಟಿನ್ನಿನ 'ಪಾಸ್ಸುಸ್'. ಅಂದರೆ ಹೆಜ್ಜೆ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ರೋಮನ್ನರ ಲೆಕ್ಕದಲ್ಲಿ ಒಂದು ಪಾಸ್ಸುಸ್ ಅಂದರೆ ಎಡಗಾಲು ಬಲಗಾಲು ಎರಡೂ ಸೇರಿ ಐದು ಅಡಿ. ಅಂಥ ಸಾವಿರ ಹೆಜ್ಜೆಗೆ 'ಮಿಲ್ಲೆ ಪಾಸ್ಸುಸ್'. ಅದರ ಮೊದಲ ಪದ ಉಳಿದು ಮೈಲು ಆಯಿತು. ನಾವು ಅದಕ್ಕೆ ಗಲ್ಲು ಸೇರಿಸಿ ಮೈಲಿಗಲ್ಲು ಮಾಡಿದೆವು. ರಸ್ತೆಯಲ್ಲಿ ಕಿಲೋಮೀಟರ್ ಬಂದು ಎಷ್ಟೋ ಕಾಲವಾದರೂ ಭಾಷಣದಲ್ಲಿ ಮೈಲಿಗಲ್ಲು ಹೋಗಿಲ್ಲ, ಅಲ್ವಾ?

ಹೆಜ್ಜೆ ಅಂತ ಗೊತ್ತಾದ ಮೇಲೆ ಮಿಕ್ಕ ಅರ್ಥಗಳು ಒಂದರ ಹಿಂದೆ ಒಂದು ತಾವೇ ಹೊರಬರುತ್ತವೆ. ಹೆಜ್ಜೆ ಹಾಕಿ ಒಂದು ಜಾಗ ದಾಟಿದರೆ ಪಾಸ್ಡ್. ಹೊತ್ತು ದಾಟಿದರೂ ಪಾಸ್ಡ್. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದರೂ ಪಾಸ್ಡ್. ಬಾಗಿಲಲ್ಲಿ ನಿಂತವನು ನೋಡಿ ಒಳಗೆ ಬಿಟ್ಟರೆ ಅದೂ ಪಾಸ್ಡ್. ಪರೀಕ್ಷೆ, ಮಸೂದೆ, ಬಿಲ್ ಎಲ್ಲಾ ಈ ಕೊನೆಯ ಬಾಗಿಲಿನ ಸಾಲಿಗೆ ಸೇರಿದವು. ಈ ಲೋಕ ದಾಟಿದರೆ ಪಾಸ್ಡ್ ಅವೇ. ಇಂಗ್ಲಿಷಿನ 'ಪಾಸ್ಟ್', ಅಂದರೆ ಕಳೆದುಹೋದ ಕಾಲ, ಅದು ಕೂಡ 'ಪಾಸ್ಡ್' ಪದದ್ದೇ ಹಳೆಯ ಇನ್ನೊಂದು ಬರವಣಿಗೆ. ಆಮೇಲೆ ಎರಡೂ ಬೇರೆ ಮನೆ ಮಾಡಿದವು. ಅದಕ್ಕೇ ಇವತ್ತಿಗೂ ಇಂಗ್ಲಿಷಿನವರೇ ಎರಡನ್ನೂ ಅದಲುಬದಲು ಬರೆಯುತ್ತಾರೆ. ನಮ್ಮ ಮಕ್ಕಳನ್ನು ಬೈದು ಏನು ಉಪಯೋಗ?

ನನ್ನ ಅಂಗಡಿಯ ಕಾಗದಗಳಲ್ಲೂ ಈ ಹೆಜ್ಜೆಯ ವಂಶ ದೊಡ್ಡದಿದೆ. ಜಮೀನಿನ ಜಗಳದ ದೂರಿನಲ್ಲಿ ಬರುವ 'ಟ್ರೆಸ್‌ಪಾಸ್', ಹಳೇ ಐಪಿಸಿಯಲ್ಲಿ 447ನೇ ಕಲಂ, ಅದು ಎಲ್ಲೆ ಮೀರಿ ಇಟ್ಟ ಹೆಜ್ಜೆ. ಪಾಸ್‌ಪೋರ್ಟ್ ಅಂದರೆ ದಾಟಲು ಬಿಡುವ ಕಾಗದ. ನಮ್ಮ ರೈಲ್ವೆ ಸ್ಟೇಷನ್ನಿನ ಪ್ಯಾಸೆಂಜರ್ ಕೂಡ ಅದೇ ಮನೆಯ ಕೂಸು. ಇನ್ನು 'ಪಾಸ್‌ಟೈಮ್' ಅಂತ ಒಂದು ಪದ ಇದೆ, ಹೊತ್ತು ಕಳೆಯುವ ಹವ್ಯಾಸ ಅಂತ. ನಮ್ಮವರು ಅದನ್ನು ತಿರುವಿ ಹಾಕಿ ಟೈಂಪಾಸ್ ಮಾಡಿದರು. ಅರ್ಥ ಮಾತ್ರ ಸ್ವಲ್ಪ ಜಾರಿದೆ. ಪಾಸ್‌ಟೈಮ್ ಇಟ್ಟುಕೊಂಡವನಿಗೆ ಒಂದು ಮರ್ಯಾದೆ ಇದೆ. ಟೈಂಪಾಸ್ ಮಾಡುವವನಿಗೆ ಮನೆಯಲ್ಲಿ ಬೈಗುಳ, ರೈಲಿನಲ್ಲಿ ಕಡ್ಲೇಕಾಯಿ.

ಊರಿನ ಪಾಸ್

ಡಿಕ್ಷನರಿಯನ್ನು ಪಕ್ಕಕ್ಕಿಟ್ಟು ಊರಿನ ಮಾತಿಗೆ ಕಿವಿ ಕೊಟ್ಟರೆ ಪಾಸ್ ಇನ್ನೂ ಮಜವಾಗಿದೆ. ಬೆಂಗಳೂರಿನಲ್ಲಿ, ವಿಧಾನಸೌಧದಲ್ಲಿ, ಬಿಲ್ ಪಾಸ್ ಆಗುತ್ತದೆ. ಅದು ಮಸೂದೆ. ಇಲ್ಲಿ ಖಜಾನೆಯಲ್ಲೂ ಬಿಲ್ ಪಾಸ್ ಆಗುತ್ತದೆ. ಅದು ದುಡ್ಡು. ಮೊದಲನೆಯದು ಪೇಪರಿನಲ್ಲಿ ಬರುತ್ತದೆ. ಎರಡನೆಯದಕ್ಕೆ ಮನೆಯಲ್ಲಿ ಪಾಯಸ ಆಗುತ್ತದೆ. ನಗರದ ಹೊರಗೆ ಶಿರಾ ಕಡೆ ಹೋಗುವ ಲಾರಿಗಳು ಬೈಪಾಸ್ ಹಿಡಿಯುತ್ತವೆ. ನಮ್ಮ ಬೀದಿಯ ಹಿರಿಯರೊಬ್ಬರಿಗೂ ಬೈಪಾಸ್ ಆಗಿದೆ. 'ಅವರದ್ದು ಬೈಪಾಸ್‌ನಲ್ಲಿ ಸೈಟು ಆಯ್ತಂತೆ' ಅಂದರೂ, 'ಅವರದ್ದು ಬೈಪಾಸ್ ಆಯ್ತಂತೆ' ಅಂದರೂ ಕೇಳುವವರು ಗಲಿಬಿಲಿ ಮಾಡಿಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ಬೆಳಗ್ಗೆ ಬಂದು "ಮೋಷನ್ ಪಾಸ್ ಆಯ್ತಾ?" ಅಂತ ಕೇಳುತ್ತಾರೆ. ಸಂಘದ ವಾರ್ಷಿಕ ಸಭೆಯ ನಡಾವಳಿಯಲ್ಲಿ ಕಾರ್ಯದರ್ಶಿಗಳು ಅದೇ ಮಾತನ್ನು ಠೀವಿಯಿಂದ ಬರೆಸುತ್ತಾರೆ. ನಾನು ಮುಖ ಗಂಟು ಹಾಕಿಕೊಂಡು ಟೈಪ್ ಮಾಡುತ್ತೇನೆ.

ಯಾರೂ ಈ ಅರ್ಥಗಳನ್ನು ಪಟ್ಟಿ ಓದಿ ಕಲಿತವರಲ್ಲ. ಜೊತೆಯಲ್ಲಿ ಯಾವ ಪದ ಬಂತು ಅನ್ನುವುದರಿಂದಲೇ ತಿಳಿದುಕೊಂಡರು. ಬೇಕರಿ ಹುಡುಗಿಗೆ ನಾನು ಹೇಳಿದ್ದೂ ಅಷ್ಟೇ. ಪಟ್ಟಿಯ ಪಕ್ಕದಲ್ಲಿ ಯಾರು ಪಾಸ್ಡ್, ಏನನ್ನು ಪಾಸ್ಡ್ ಅಂತ ಒಂದು ಗೆರೆ ಎಳೆದುಕೋ ಅಂದೆ. ಹೊತ್ತಿನ ಪಕ್ಕ ಎಲಾಪ್ಸ್ಡ್ ಕೂರುತ್ತೆ, ತಾತನ ಪಕ್ಕ ಕೂರಲ್ಲ. ಉಪ್ಪಿನ ಡಬ್ಬಿಯ ಪಕ್ಕ ಹ್ಯಾಂಡೆಡ್ ಕೂರುತ್ತೆ, ಹೊತ್ತಿನ ಪಕ್ಕ ಕೂರಲ್ಲ. "ಹಂಗಾದ್ರೆ ಇವು ಸಿನೊನಿಮ್ಸ್ ಅಲ್ವೇ ಅಲ್ಲ" ಅಂದಳು. ಪಾಸ್ಡ್‌ಗೆ ಒಂದೊಂದು ಕಡೆ ಒಂದೊಂದು ನೆಂಟ ಅಷ್ಟೇ, ನೆಂಟರು ನೆಂಟರಿಗೇ ಸಂಬಂಧ ಇರಬೇಕು ಅಂತೇನಿಲ್ಲ ಅಂದೆ.

ಬಾಲದಲ್ಲಿರುವ ಅರ್ಥ

ಇಂಗ್ಲಿಷ್ ಇಷ್ಟೊಂದು ಪದ ಇಟ್ಟುಕೊಂಡು ಮಾಡುವ ಕೆಲಸವನ್ನು ಕನ್ನಡ ಹೇಗೆ ಮಾಡುತ್ತದೆ ಅನ್ನುವುದು ನನಗೆ ತಿಳಿದಿದ್ದು ಒಬ್ಬ ತಾಯಿಯಿಂದ. ಕೊರಟಗೆರೆ ಕಡೆಯವರು. ಮಗನ ಹಾಸ್ಟೆಲ್ ಅರ್ಜಿಯ ಜೊತೆ ಇಡಲು ಒಂದು ಮನವಿ ಪತ್ರ ಬೇಕಿತ್ತು. ಹುಡುಗ ಬಾಗಿಲ ಹತ್ತಿರವೇ ನಿಂತಿದ್ದ, ಅಂಗಿಯ ತೋಳು ಮೊಣಕೈಗೂ ಎಟುಕದಷ್ಟು ಚಿಕ್ಕದಾಗಿತ್ತು. ಅಮ್ಮ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. 'ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದು' ಅಂತ ಹಾಕಿ ಓದಿ ಹೇಳಿದೆ. ಅವರು ತಡೆದರು.

"ಪಾಸಾಗಿರೋದಲ್ಲ ಕಣಣ್ಣ. ಪಾಸ್ ಮಾಡ್ಕಂಡಿರೋದು."

"ಎರಡೂ ಒಂದೇ ಅಲ್ವೇನಮ್ಮ?"

"ಅದೆಂಗೆ ಒಂದೇ ಆಯ್ತದೆ? ಮೊದ್ಲು ಬರ್ದಾಗ ಲೆಕ್ಕ ಹೋಗಿತ್ತು. ಆಮೇಲೆ ಬೆಳಿಗ್ಗೆ ಹಾಲು ಹಾಕ್ಬಿಟ್ಟು ಬಂದು ಕೂತು ಓದಿ ಪಾಸ್ ಮಾಡ್ಕಂಡ. ಅವನಷ್ಟಕ್ಕೆ ಅವನು ಪಾಸಾಗ್ಲಿಲ್ಲ."

ಹುಡುಗ ತಲೆ ತಗ್ಗಿಸಿದ. ನಾನು ಅಮ್ಮ ಹೇಳಿದ ಹಾಗೇ ಹಾಕಿದೆ. 'ಪಾಸ್ ಮಾಡಿಕೊಂಡಿದ್ದು.' ಸರ್ಕಾರಿ ಕನ್ನಡದಲ್ಲಿ ಅದು ಸ್ವಲ್ಪ ವಿಚಿತ್ರವಾಗಿ ಕಾಣುತ್ತಿತ್ತು. ಕಾಣಲಿ ಬಿಡಿ.

ಅವರು ಹೋದ ಮೇಲೆ ಯೋಚನೆ ಮಾಡಿದೆ. ಮೊದಲನೆಯದಾಗಿ, ಆ ತಾಯಿ 'ಲೆಕ್ಕ ಹೋಗಿತ್ತು' ಅಂದರು. ಇಂಗ್ಲಿಷಿನಲ್ಲಿ ಪಾಸ್ ಅಂದರೆ ಹೋಗುವುದು. ನಮ್ಮಲ್ಲಿ ಸಬ್ಜೆಕ್ಟ್ 'ಹೋಯ್ತು' ಅಂದರೆ ಫೇಲ್! ಎರಡನೆಯದು ಅವರ 'ಕೊಂಡ'. ಇಂಗ್ಲಿಷಿನ ಪಾಸ್ಡ್‌ಗೆ ಮಾಡಿದವನು ಯಾರು ಅನ್ನೋ ಚಿಂತೆ ಇಲ್ಲ. ಹುಡುಗನೂ ಪಾಸ್ಡ್, ಪೇಪರ್ ತಿದ್ದಿದ ಮೇಷ್ಟ್ರು ಅವನನ್ನು ಪಾಸ್ಡ್. ಕನ್ನಡದಲ್ಲಿ ಪಾಸ್ ಒಂಟಿಯಾಗಿ ನಿಲ್ಲುವುದಿಲ್ಲ, ಆಗು ಅಥವಾ ಮಾಡು ಹಿಂದೆ ಬರಲೇಬೇಕು. ಬಂದ ತಕ್ಷಣ ಗುಟ್ಟು ಹೊರಬೀಳುತ್ತದೆ. 'ಪಾಸಾದ' ಅಂದರೆ ಆಯಿತು, ಅಷ್ಟೇ. 'ಪಾಸ್ ಮಾಡಿಕೊಂಡ' ಅಂದರೆ ಬಾಕಿ ಉಳಿದಿದ್ದನ್ನು ತನ್ನ ಕಷ್ಟದಿಂದ ತೀರಿಸಿದ. 'ಪಾಸಾಗಿಬಿಟ್ಟ' ಅಂದರೆ ನಾವು ಯಾರೂ ನಂಬಿರಲಿಲ್ಲ. 'ಪಾಸಾದನಂತೆ' ಅಂದರೆ ಪಕ್ಕದ ಮನೆಯವನು, ಹೊಟ್ಟೆಯಲ್ಲಿ ಸ್ವಲ್ಪ ಉರಿ. 'ಪಾಸ್ ಮಾಡಿಸಿದ' ಅನ್ನುವುದಂತೂ ಯಾರ ಬಗ್ಗೆ ಅನ್ನೋದರ ಮೇಲೆ ನಿಂತಿದೆ. ಟ್ಯೂಷನ್ ಮೇಷ್ಟ್ರ ಬಗ್ಗೆ ಅಂದರೆ ಕೃತಜ್ಞತೆ. ಬಿಲ್ ಬಗ್ಗೆ ಅಂದರೆ ಕವರು.

ಕ್ಲಿಯರ್ಡ್, ಮ್ಯಾನೇಜ್ಡ್, ಸ್ಕ್ರೇಪ್ಡ್ ಥ್ರೂ ಅಂತ ಇಂಗ್ಲಿಷ್ ಬೇರೆ ಬೇರೆ ಪದ ಹುಡುಕಿ ಹೇಳುವುದನ್ನು ನಾವು ಎರವಲು ತಂದ ಒಂದೇ ಪದಕ್ಕೆ ಬೇರೆ ಬೇರೆ ಬಾಲ ಕಟ್ಟಿ ಹೇಳುತ್ತೇವೆ. ನನ್ನ ಕೇಳಿದರೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವಾಗ ಇಲ್ಲಿಂದ ಶುರು ಮಾಡಬೇಕು. 'ಪಾಸ್ ಮಾಡಿಕೊಂಡ' ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳ್ತೀರಿ ಅಂತ ಕೇಳಿದರೆ ಏಳನೇ ಕ್ಲಾಸಿನವರೂ ಯೋಚನೆ ಮಾಡುತ್ತಾರೆ. ಪಟ್ಟಿ ಕೊಟ್ಟರೆ ಕಾಪಿ ಮಾಡುತ್ತಾರೆ.

ಅಂಕಪಟ್ಟಿಗೆ ಮಾತ್ರ ಈ ಬಾಲಗಳು ಬೇಡ. 2024ರಲ್ಲಿ ಪೂರಕ ಪರೀಕ್ಷೆ ಅನ್ನೋ ಹೆಸರೂ ಹೋಗಿ ಪರೀಕ್ಷೆ 1, 2, 3 ಅಂತ ಆಯಿತು. ಒಳ್ಳೆಯದೇ ಆಯಿತು, ಸಪ್ಲಿಮೆಂಟರಿ ಅನ್ನೋ ಹಣೆಪಟ್ಟಿ ತಪ್ಪಿತು. ಆದರೆ ಕೊರಟಗೆರೆಯ ಆ ತಾಯಿಯಂಥವರಿಗೆ ಅದು ಮುಚ್ಚಿಡುವ ವಿಷಯವೇ ಆಗಿರಲಿಲ್ಲ. ಹೇಳಿಕೊಳ್ಳುವ ವಿಷಯವಾಗಿತ್ತು.

ಕನ್ನಡದ್ದೇ ಪದ ಬೇಕು ಅನ್ನುವವರು ಉತ್ತೀರ್ಣ ಅಂತ ಹಾಕಿಸುತ್ತಾರೆ. ಅದು ಸಂಸ್ಕೃತದ್ದು. ನೀರನ್ನು ದಾಟಿ ಆಚೆ ದಡ ಹತ್ತಿದವನು ಅಂತ ಅದರ ಮೂಲ. ತೀರ್ಥ ಅನ್ನುವುದೂ ಅದೇ ಧಾತುವಿನಿಂದ ಬಂದಿದ್ದು, ಹೊಳೆ ದಾಟುವ ಕಡವು ಅಂತ. ರೋಮನ್ನರು ನೆಲದ ಮೇಲೆ ಹೆಜ್ಜೆ ಹಾಕಿ ಪಾಸಾದರೆ ನಮ್ಮವರು ನೀರಿಗಿಳಿದು ಪಾಸಾದರು ಅಂತಾಯಿತು. ತೇರ್ಗಡೆ ಅಂತಲೂ ಒಂದಿದೆ, ಪೇಪರಿನವರಿಗೆ ಇಷ್ಟ. ಮನೆಯಲ್ಲಿ ಮಾತಾಡುವಾಗ ಯಾರೂ ತೇರ್ಗಡೆ ಆಗಿದ್ದನ್ನು ನಾನು ಕೇಳಿಲ್ಲ.

ಬಯೋಡೇಟಾದ 'ಪಾಸ್ಡ್ ಔಟ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದವನು ಓದಿದರೆ 'ಕಾಲೇಜಿನಲ್ಲಿ ಜ್ಞಾನ ತಪ್ಪಿ ಬಿದ್ದೆ' ಅಂತ ಅರ್ಥ ಮಾಡಿಕೊಳ್ಳುತ್ತಾನೆ ಅಂತ ಹಳೇ ಜೋಕು. ಸೈನ್ಯದಲ್ಲಿ ತರಬೇತಿ ಮುಗಿಸಿದವರ 'ಪಾಸಿಂಗ್ ಔಟ್ ಪರೇಡ್' ಡೆಹ್ರಾಡೂನಿನಲ್ಲಿ ಇವತ್ತಿಗೂ ನಡೆಯುತ್ತದೆ, ಬ್ರಿಟಿಷರ ಸೈನ್ಯದಲ್ಲೂ ಅದೇ ಮಾತು. ಹಾಗಾಗಿ ನಮ್ಮದು ತಪ್ಪು ಇಂಗ್ಲಿಷ್ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಹೊರದೇಶದ ಕಂಪನಿಗೆ ಅರ್ಜಿ ಅಂತ ಗೊತ್ತಾದರೆ ಮಾತ್ರ ಕೇಳಿ, ಬದಲಿಸಿ ಕೊಡುತ್ತೇನೆ. ಬೆಂಗಳೂರಿಗಾದರೆ ಹಾಗೇ ಬಿಡುತ್ತೇನೆ.

'ಅವೇ' ಅಂದರೆ ಎಲ್ಲಿಗೆ?

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಅವರಿಗೆ 111 ವರ್ಷ. ಆ ದಿನ ತುಮಕೂರು ಹೇಗಿತ್ತು ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಅಂಗಡಿಗಳ ಶಟರ್ ಒಂದೊಂದಾಗಿ ಇಳಿದವು. ನನ್ನದು ಅರ್ಧ ಇಳಿದಿತ್ತು, ಒಳಗೆ ಕೆಲಸ ನಡೆದಿತ್ತು. ಬ್ಯಾನರಿಗೆ ಡಿಸೈನ್ ಮಾಡಿಕೊಡಿ ಅಂತ ಜನ ಬಗ್ಗಿ ಬಗ್ಗಿ ಒಳಗೆ ಬರುತ್ತಿದ್ದರು. ಫೋಟೋ ಒಂದೇ, ಕೆಳಗಿನ ಹೆಸರುಗಳು ಬೇರೆ. ಆಟೋ ಸ್ಟ್ಯಾಂಡಿನವರು, ತರಕಾರಿ ಮಾರುವವರು, ವಕೀಲರು.

ಆ ಗಲಾಟೆಯಲ್ಲಿ ಮಠದಲ್ಲಿ ಓದಿದ ಹಳೇ ವಿದ್ಯಾರ್ಥಿಗಳ ಒಂದು ಗುಂಪು ಬಂತು. ಕನ್ನಡದ ಸಾಲುಗಳು ತಯಾರಿದ್ದವು. ಅವರಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಒಬ್ಬರು ಕೆಳಗೆ ಇಂಗ್ಲಿಷಿನಲ್ಲೂ ಒಂದು ಸಾಲು ಇರಲಿ, ನಮ್ಮ ಆಫೀಸಿನ ಹೊರರಾಜ್ಯದವರೂ ನೋಡ್ತಾರೆ ಅಂದರು. ಮೊಬೈಲಿನಲ್ಲಿ ಬರೆದು ತೋರಿಸಿದರು. ಅದರಲ್ಲಿ 'ಪಾಸ್ಡ್ ಅವೇ' ಇತ್ತು. ಟೈಪ್ ಮಾಡಿದೆ. ಹಿಂದೆ ನಿಂತಿದ್ದ ಹಿರಿಯರೊಬ್ಬರು, ರಿಟೈರಾದ ಮೇಷ್ಟ್ರು, ಸ್ಕ್ರೀನಿನ ಮೇಲೆ ಬೆರಳಿಟ್ಟರು.

"ಅವೇ ಅಂದ್ರೆ ದೂರ ತಾನೆ? ದೂರ ಎಲ್ಲಿಗೆ ಹೋದ್ರು? ಲಿಂಗದಲ್ಲಿ ಒಂದಾದ್ರು ಅಂತ ಅಲ್ವಾ ನಾವು ಅನ್ನೋದು?"

ಇಂಗ್ಲಿಷ್ ಬೇಕು ಅಂದವರಿಗೆ ಮಾತು ಹೊರಡಲಿಲ್ಲ. 'ಮರ್ಜ್ಡ್' ಹಾಕೋಣ ಅಂದರು ಒಬ್ಬರು. ಅದು ಬ್ಯಾಂಕ್ ವಿಲೀನದ ಹಾಗೆ ಕೇಳುತ್ತೆ ಅಂದರು ಇನ್ನೊಬ್ಬರು. 'ಡೈಡ್' ಅನ್ನಲು ಯಾರಿಗೂ ನಾಲಿಗೆ ಬರಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಹೆಸರು, ಅದರ ಕೆಳಗೆ 1907–2019, ಅಷ್ಟೇ ಇಟ್ಟರು. ಕ್ರಿಯಾಪದವೇ ಇಲ್ಲ. ನಾನು ಮಾಡಿದ ಡಿಸೈನುಗಳಲ್ಲಿ ಅದು ಚೆನ್ನಾಗಿ ಬಂದದ್ದು ಅಂತ ಈಗಲೂ ಅನ್ನಿಸುತ್ತದೆ.

ಆ ಮೇಷ್ಟ್ರು ಆಮೇಲೂ ಜೆರಾಕ್ಸಿಗೆ ಅಂತ ಬರುತ್ತಿದ್ದರು. ಒಮ್ಮೆ ಅವರೇ ಮಾತು ತೆಗೆದರು. ನಮ್ಮಲ್ಲಿ ಪಾಸ್ ಅನ್ನೋದಕ್ಕೆ ಸರಿಯಾದ ಪದ ಉತ್ತೀರ್ಣ ಅಲ್ಲಪ್ಪ, 'ಸಲ್ಲು' ಅಂದರು. ನಾಣ್ಯ ಸಲ್ಲುತ್ತದೆ, ಅಂದರೆ ಚಲಾವಣೆಯಲ್ಲಿ ಪಾಸಾಗುತ್ತದೆ. ಮಾತು ಸಲ್ಲುತ್ತದೆ. ಕಾಲ ಸಲ್ಲುತ್ತದೆ, ವರ್ಷಗಳು ಸಂದವು ಅನ್ನುತ್ತೇವೆ. ದುಡ್ಡು ಕಟ್ಟಿದರೆ ಸಂದಾಯ, ಅರ್ಜಿ ಕೊಟ್ಟರೆ ಸಲ್ಲಿಕೆ. ಬಸವಣ್ಣನವರು ಈ ಲೋಕವನ್ನು ಕರ್ತಾರನ ಕಮ್ಮಟ ಅಂದರು, ನಾಣ್ಯ ಅಚ್ಚು ಹಾಕುವ ಟಂಕಸಾಲೆ. ಇಲ್ಲಿ ಸಂದವರು ಅಲ್ಲೂ ಸಲ್ಲುತ್ತಾರೆ ಅನ್ನುವ ವಚನ ನಮಗೆಲ್ಲ ಬಾಯಿಗೆ ಬರುತ್ತದೆ. ಪರೀಕ್ಷೆ, ನಾಣ್ಯ, ಕಾಲ, ಸಾವು ಎಲ್ಲವನ್ನೂ ಮುಟ್ಟುವ ಇನ್ನೊಂದು ಪದವನ್ನು ನಾನು ಇಂಗ್ಲಿಷಿನ ಹೊರಗೆ ಹುಡುಕಿರಲೇ ಇಲ್ಲ. ಮೇಷ್ಟ್ರು ಎರಡು ರೂಪಾಯಿ ಕೊಟ್ಟು ಹೋದರು.

ತಿಥಿ ಕಾರ್ಡು, ಪೌತಿ ಖಾತೆ

ಸಾವಿಗೆ ನನ್ನ ಅಂಗಡಿಯಲ್ಲಿ ಪದಗಳ ಬರ ಇಲ್ಲ. ಒಂದೊಂದು ಮನೆಯವರದ್ದು ಒಂದೊಂದು. ಶಿವೈಕ್ಯ, ವೈಕುಂಠವಾಸಿ, ಕೈಲಾಸವಾಸಿ, ದೈವಾಧೀನ. ಕ್ರಿಶ್ಚಿಯನ್ನರು ಪ್ರಭುವಿನಲ್ಲಿ ನಿದ್ರಿಸಿದರು ಅಂತ ಹಾಕಿಸುತ್ತಾರೆ. ಮುಸ್ಲಿಮರು ಇಂತಕಾಲ್ ಅನ್ನುತ್ತಾರೆ, ಅದು ಅರಬ್ಬಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವುದು. ಕಾಲವಾದರು ಅನ್ನುವುದು ನನಗೆ ಮೊದಲಿಂದಲೂ ಇಷ್ಟ. ಇಂಗ್ಲಿಷಿನಲ್ಲಿ ಕಾಲವೂ ಪಾಸ್ಡ್, ಮನುಷ್ಯನೂ ಪಾಸ್ಡ್. ನಮ್ಮಲ್ಲಿ ಮನುಷ್ಯನೇ ಕಾಲವಾಗುತ್ತಾನೆ. ಈಗೀಗ ಅಮೆರಿಕದಿಂದ ಬರುವ ಮೆಸೇಜುಗಳಲ್ಲಿ 'ಅವೇ' ಕೂಡ ಬಿಟ್ಟು ಬರೀ 'ಪಾಸ್ಡ್' ಅಂತ ಇರುತ್ತದೆ. ಅದನ್ನು ನೋಡಿ ಮೊಮ್ಮಗ ಪರೀಕ್ಷೆ ಪಾಸಾದ ಅಂದುಕೊಳ್ಳುವವರು ನಮ್ಮ ಬೀದಿಯಲ್ಲಿ ಇದ್ದೇ ಇರುತ್ತಾರೆ. ಹಾಗಾಗಿ ದೂರದಲ್ಲಿರುವ ಮಕ್ಕಳಿಗೆ ನನ್ನದೊಂದು ಮನವಿ. ಸುದ್ದಿ ಕನ್ನಡದಲ್ಲೇ ಕಳಿಸಿ, ಆಗದಿದ್ದರೆ ಫೋನ್ ಮಾಡಿ.

ಕಾರ್ಡಿನಲ್ಲಿ ಏನೇ ಹಾಕಿಸಲಿ, ತಾಲ್ಲೂಕು ಕಚೇರಿಯ ಹೊತ್ತಿಗೆ ಎಲ್ಲರೂ ಒಂದೇ ಪದಕ್ಕೆ ಬರುತ್ತಾರೆ. ಪೌತಿ. ತೀರಿಕೊಂಡವರ ಹೆಸರಿನಲ್ಲಿರುವ ಜಮೀನು ವಾರಸುದಾರರ ಹೆಸರಿಗೆ ಆಗಬೇಕು ಅಂದರೆ ಪೌತಿ ಖಾತೆಗೆ ಅರ್ಜಿ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ ಜೊತೆಗಿರಬೇಕು. 'ಸದರಿಯವರು ಪೌತಿಯಾಗಿದ್ದು' ಅಂತ ನನ್ನ ಬೆರಳು ತಾನಾಗಿಯೇ ಹೊಡೆಯುತ್ತದೆ. ಬಹಳ ಕಾಲ ಅದು ಕಂದಾಯ ಇಲಾಖೆಯವರು ಕಟ್ಟಿದ ಪದ ಇರಬೇಕು ಅಂದುಕೊಂಡಿದ್ದೆ. ಅದು ಫೌತಿ, ಅರಬ್ಬಿಯ ಫೌತ್ ಪದದಿಂದ ಉರ್ದು ಕಚೇರಿಗಳ ದಾರಿಯಲ್ಲಿ ಬಂದಿದ್ದು. ಅದರ ಮೂಲ ಕ್ರಿಯಾಪದದ ಅರ್ಥ ದಾಟಿಹೋಗು, ಕೈತಪ್ಪಿ ಹೋಗು, ಹೊತ್ತು ಮೀರು. ಸಾವು ಅನ್ನೋ ಅರ್ಥ ಅಲ್ಲಿಂದಲೇ ಬಂದಿದ್ದು. ಅಂದರೆ ಅರಬ್ಬಿಯವರದ್ದೂ ಪಾಸ್ಡ್ ಕಥೆಯೇ. ಇಂಗ್ಲಿಷ್ ಬಾರದ, ಉರ್ದು ಬಾರದ ರೈತ ಅಪ್ಪನ ಬಗ್ಗೆ ಸರ್ಕಾರಕ್ಕೆ ಬರೆಯುವಾಗ ಅದನ್ನೇ ಬರೆಸುತ್ತಾನೆ.

ಮೊನ್ನೆ ಹೀಗೇ ಒಬ್ಬರ ಅರ್ಜಿ ಮಾಡಿಕೊಟ್ಟೆ. ಗುಬ್ಬಿ ಕಡೆಯವರು, ತೆಂಗಿನ ತೋಟ, ಮೂವರು ಅಣ್ಣತಮ್ಮಂದಿರು. ಪ್ರಿಂಟ್ ತೆಗೆದು ಕೊಟ್ಟಾಗ ದೊಡ್ಡಣ್ಣ ಸಹಿ ಹಾಕುವ ಮೊದಲು ಕೇಳಿದರು, "ಪೌತಿ ಖಾತೆ ಬೇಗ ಪಾಸ್ ಆಯ್ತದಾ, ಇಲ್ಲಾ ಯಾರ ಕೈಲಾದ್ರೂ ಪಾಸ್ ಮಾಡಿಸ್ಬೇಕಾ?" ಕಾಗದ ಸರಿ ಇದ್ದರೆ ತಾನಾಗೇ ಆಗುತ್ತೆ, ತಮ್ಮಂದಿರ ಸಹಿ ಮೊದಲು ಹಾಕಿಸಿ ಅಂದೆ.